ಅಮ್ಮನ ಟ್ರೈನಿಂಗ್ ಪಾಸ್ ಮಾಡಿದ್ದು ನಾನು: ಅಂಗನವಾಡಿ ತರಬೇತಿ ರೂಪಿಸೋರಿಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಮೇಡಂ, ನಮಸ್ಕಾರ ಸರ್,

ಅಂಗನವಾಡಿ ಟೀಚರ್‌ಗಳಿಗೆ ಯಾವ ಟ್ರೈನಿಂಗ್ ಕೊಡ್ಬೇಕು, ಅದನ್ನ ಕರೆಸಿ ಕೂರಿಸಿ ಕೊಡ್ಬೇಕಾ ಇಲ್ಲ ಮೊಬೈಲಿಗೇ ಕಳಿಸ್ಬಿಡೋದಾ ಅಂತ ತೀರ್ಮಾನ ಮಾಡೋರು ಬೆಂಗಳೂರಲ್ಲಿ, ದೆಹಲಿಯಲ್ಲಿ ಯಾರ್ಯಾರಿದ್ದೀರೋ ಅವರಿಗೆಲ್ಲ ಸೇರಿಸಿ ಈ ಪತ್ರ ಬರೀತಿದೀನಿ. ನಮ್ಮಮ್ಮ ಅಂಗನವಾಡಿ ಟೀಚರ್, ಇಪ್ಪತ್ತೆರಡು ವರ್ಷ ಆಯ್ತು. ನಂಗೆ ಎರಡು ವರ್ಷ ಇದ್ದಾಗ ಕೆಲಸಕ್ಕೆ ಸೇರಿದ್ದು, ಹಾಗಾಗಿ ಅಂಗನವಾಡಿ ಅಂದ್ರೆ ನಂಗೆ ನಮ್ಮನೆದೇ ಇನ್ನೊಂದು ರೂಮಿದ್ದಂಗೆ.

ಮೊದಲೇ ಒಂದು ವಿಷಯ ಹೇಳ್ಬಿಡ್ತೀನಿ. ಹೋದ ಮಳೆಗಾಲದಲ್ಲಿ ನಮ್ಮಮ್ಮ ಒಂದು ಆನ್‌ಲೈನ್ ಟ್ರೈನಿಂಗ್ ಮುಗಿಸಿದಾಳೆ ಅಂತ ಲೆಕ್ಕದಲ್ಲಿದೆ, ಸರ್ಟಿಫಿಕೇಟೂ ಇದೆ. ಅದರ ಕ್ವಿಜ್ ಮಾಡಿದ್ದು ನಾನು.

ತಪ್ಪು ಅಂತ ಗೊತ್ತು. ಆದ್ರೂ ಯಾಕೆ ಬರೀತಿದೀನಿ ಅಂದ್ರೆ ಇದು ನಮ್ಮನೆ ಒಂದರದ್ದೇ ಅಲ್ಲ, ಅಮ್ಮನ ಸರ್ಕಲ್‌ನಲ್ಲಿ, ಅಂದ್ರೆ ಒಬ್ಬ ಸೂಪರ್‌ವೈಸರ್ ಕೆಳಗೆ ಬರೋ ಅಂಗನವಾಡಿಗಳಲ್ಲಿ, ನಂಗೆ ಗೊತ್ತಿರೋ ಎಷ್ಟೋ ಟೀಚರ್‌ಗಳ ಮನೇಲಿ ಮಗನೋ ಮಗಳೋ ಸೊಸೆನೋ ಇದನ್ನೇ ಮಾಡಿದಾರೆ. ಆವತ್ತು ಸಾಯಂಕಾಲ ವಾಟ್ಸಾಪ್ ಗ್ರೂಪಿಗೆ ಒಂದು ಪಟ್ಟಿ ಬಂತು, ಇನ್ನೂ ಮುಗಿಸದೇ ಇರೋರ ಹೆಸರಿಗೆಲ್ಲ ಕೆಂಪು ಬಣ್ಣ ಬಳ್ದಿತ್ತು, ಅದರಲ್ಲಿ ಅಮ್ಮಂದೂ ಒಂದು. ನಾಳೆ ಬೆಳಗ್ಗೆ ಹತ್ತರೊಳಗೆ ನೂರಕ್ಕೆ ನೂರು ಆಗ್ಲೇಬೇಕು ಅಂತ ಕೆಳಗೆ ಮೆಸೇಜು. ಅಮ್ಮ ಬೆಳಗ್ಗೆಯಿಂದ ಮಕ್ಕಳ ತೂಕ ಎತ್ತರ ತಗೊಂಡು, ಒಬ್ಬ ಬಾಣಂತಿ ಮನೆಗೆ ಹೋಗಿ ಬಂದು, ಪುಷ್ಟಿ ಅನ್ನೋ ಪೌಷ್ಟಿಕ ಆಹಾರದ ಪ್ಯಾಕೆಟ್ ಕೊಡೋಕೆ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪಲ್ಲಿ ಒಬ್ಬೊಬ್ಬರ ಮುಖ ಹಿಡಿಯೋಕೆ ಕಣ್ಣು ಮಿಟುಕಿಸಿ ಇನ್ನೊಂದ್ಸಲ ಮಿಟುಕಿಸಿ ಅಂತ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡು ಮನೆಗೆ ಬಂದಾಗ ಐದೂವರೆ ಆಗಿತ್ತು. ಹಾಲು ಕರೆದು, ಅಡಿಗೆ ಮಾಡಿ, ಅಜ್ಜಿಗೆ ಊಟ ಮಾತ್ರೆ ಕೊಟ್ಟು ಮೊಬೈಲ್ ಕೈಗೆತ್ತಿಕೊಂಡಾಗ ಒಂಬತ್ತೂವರೆ.

ನಮ್ಮನೆ ಒಳಗೆ ನೆಟ್‌ವರ್ಕ್ ಬರಲ್ಲ. ಹಾಲಿನ ಡೈರಿ ಕಟ್ಟೆ ಹತ್ರ ಹೋದ್ರೆ ಎರಡು ಕಡ್ಡಿ ಸಿಗುತ್ತೆ. ಒಂದು ಛತ್ರಿ ಒಂದು ಟಾರ್ಚು ಹಿಡ್ಕೊಂಡು ಇಬ್ರೂ ಹೋಗಿ ಕಟ್ಟೆ ಮೇಲೆ ಕೂತ್ವಿ. ವಿಡಿಯೋ ಶುರುವಾಗುತ್ತೆ, ಸುತ್ತುತ್ತೆ, ನಿಲ್ಲುತ್ತೆ, ಮುಂದಕ್ಕೆ ಓಡಿಸೋಕೆ ಬಿಡಲ್ಲ, ಮಧ್ಯ ಕಟ್ ಆದ್ರೆ ಮತ್ತೆ ಮೊದಲಿಂದ. ಹನ್ನೊಂದು ಗಂಟೆ ಹೊತ್ತಿಗೆ ಅಮ್ಮ ಕಂಬಕ್ಕೆ ಒರಗಿ ಹಾಗೇ ನಿದ್ದೆ ಹೋದ್ಲು, ಸೆರಗಿನ ತುದಿ ನೆಂದು ನೀರು ತೊಟ್ಟಿಕ್ತಿತ್ತು. ಮೊಬೈಲಲ್ಲಿ ಒಬ್ರು ಮೇಡಂ ಮಗುವಿನ ಮೆದುಳು 85 ಪರ್ಸೆಂಟಿಗೂ ಹೆಚ್ಚು ಆರು ವರ್ಷದೊಳಗೇ ಬೆಳೆದುಬಿಡುತ್ತೆ ಅಂತ ಹೇಳ್ತಿದ್ರು. ಎಷ್ಟು ದೊಡ್ಡ ಮಾತು ಅದು, ಅದನ್ನ ಕೇಳ್ಬೇಕಾಗಿದ್ದೋಳು ನಿದ್ದೇಲಿ, ಕೇಳ್ತಿದ್ದೋಳು ಬಿಕಾಂ ಓದಿರೋ ನಾನು. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ಹತ್ತು ಪ್ರಶ್ನೆ ಬಂತು, ಎಲ್ಲೆಲ್ಲಿ 'ಮೇಲಿನ ಎಲ್ಲವೂ' ಅಂತ ಇತ್ತೋ ಅಲ್ಲೆಲ್ಲ ಅದನ್ನೇ ಒತ್ತಿದೆ, ಹತ್ತಕ್ಕೆ ಒಂಬತ್ತು ಬಂತು. ಬೆಳಗ್ಗೆ ಗ್ರೂಪಲ್ಲಿ ಅಮ್ಮನ ಹೆಸರು ಹಸಿರಾಗಿತ್ತು.

ಆ ಹಸಿರು ಬಣ್ಣ ನಂಬ್ಕೊಂಡು ನೀವು ಮುಂದಿನ ಟ್ರೈನಿಂಗನ್ನೂ ಹೀಗೇ ಮಾಡ್ತೀರಲ್ಲಾ ಅನ್ನೋ ಭಯಕ್ಕೇ ಈ ಪತ್ರ.

ಆನ್‌ಲೈನ್ ಬೇಡ್ವೇ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಂಗೆ ತಿಳ್ಕೋಬೇಡಿ. ಹಳೇ ಪದ್ಧತಿಯ ಕಷ್ಟ ನಮ್ಮನೆಗೆ ಚೆನ್ನಾಗಿ ಗೊತ್ತು. ಅಮ್ಮ ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಸುಮಾರು ಒಂದು ತಿಂಗಳು ತರಬೇತಿ ಕೇಂದ್ರದಲ್ಲೇ ಉಳ್ಕೋಬೇಕಿತ್ತು. ನನ್ನ ಅಜ್ಜಿ ಹತ್ರ ಬಿಟ್ಟು ಹೋಗಿದ್ಲು, ಊರೋರ ಮಕ್ಕಳನ್ನ ನೋಡ್ಕೊಳ್ಳೋದು ಹೇಗೆ ಅಂತ ಕಲಿಯೋಕೆ ತನ್ನ ಮಗುನೇ ಬಿಟ್ಟು. ದಿನಾ ರಾತ್ರಿ ಅಳ್ತಿದ್ನಂತೆ ನಾನು, ಅಲ್ಲಿ ಅವಳೂ. ಆದ್ರೆ ಬರುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ಲು, ಅದು ಇವತ್ತಿಗೂ ಅಂಗನವಾಡಿ ಬೀರುವಲ್ಲಿದೆ. ಹಾಡು, ಕಥೆ, ಕಾಲುಚೀಲದಲ್ಲಿ ಗೊಂಬೆ ಹೊಲಿಯೋದು, ಬೆಂಕಿಪೊಟ್ಟಣದಲ್ಲಿ ರೈಲು ಮಾಡೋದು, ಎಲೆ ಅಂಟಿಸಿ ಹೆಸರು ಬರೆದಿರೋದು, ಪುಟದ ಅಂಚೆಲ್ಲ ಸವೆದು ಮೆತ್ತಗಾಗಿದೆ. ತಿಂಗಳುಗಟ್ಟಲೆ ಮನೆ ಬಿಟ್ಟು ಹೋಗಿ ಅಂತ ಇವತ್ತಿನ ಚಿಕ್ಕ ಮಕ್ಕಳ ತಾಯಂದ್ರಿಗೆ ನಾನು ಹೇಳಲ್ಲ, ಹೇಳೋಕೆ ನಂಗೆ ಬಾಯಿ ಬರಲ್ಲ. ಮೊಬೈಲ್ ಆ ಸಂಕಟನ ತಪ್ಪಿಸ್ಬಹುದು. ಆದ್ರೆ ಆ ನೋಟ್‌ಬುಕ್‌ನ ಜಾಗಕ್ಕೆ ಏನು ಬಂತು ಅಂತ ಕೇಳ್ತಿದೀನಿ.

ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಕಡೆ, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ 100 ಅಂಗನವಾಡಿಯಿಂದ. ಐವತ್ತು ವರ್ಷದಲ್ಲಿ ನಮ್ಮ ರಾಜ್ಯದಲ್ಲೇ ಅದು 65 ಸಾವಿರ ದಾಟಿದೆ. 2018ರಲ್ಲಿ ತಾಯಿ ಮಕ್ಕಳ ಪೌಷ್ಟಿಕತೆಗೆ ಅಂತ ಪೋಷಣ್ ಅಭಿಯಾನ ಬಂತು, ಅದರ ಜೊತೆ 21 ಪಾಠಗಳ ಕಲಿಕೆ ಬಂತು, ಒಂದೇ ಸಲಕ್ಕೆ ತಲೆಗೆ ತುಂಬದೆ ಸ್ವಲ್ಪ ಸ್ವಲ್ಪನೇ ಕಲಿತಾ ಹೋಗೋದು, ಆಮೇಲೆ ಅದೇ ಪಾಠಗಳು ಆನ್‌ಲೈನೂ ಆದ್ವು. ಯೋಚನೆ ತುಂಬಾ ಒಳ್ಳೇದು, ಅಮ್ಮನೂ ಹಾಗೇ ಹೇಳ್ತಾಳೆ. 2021ರ ಮಾರ್ಚಲ್ಲಿ ಪೋಷಣ್ ಟ್ರ್ಯಾಕರ್ ಬಂತು, ಅಲ್ಲಿಂದ ಮೊಬೈಲ್ ಕೈಬಿಟ್ಟಿಲ್ಲ. 2023ರ ಮೇನಲ್ಲಿ 'ಪೋಷಣ್ ಭೀ ಪಢಾಯಿ ಭೀ', ಅಂದ್ರೆ ಪೋಷಣೆನೂ ಓದೂ, ಶುರು ಮಾಡಿದ್ರಿ, ಮಾರನೇ ವರ್ಷ ಮೂರು ವರ್ಷದೊಳಗಿನ ಮಕ್ಕಳಿಗೆ 'ನವಚೇತನ', ಮೂರರಿಂದ ಆರಕ್ಕೆ 'ಆಧಾರಶಿಲಾ' ಅಂತ, ಏನು ಹೇಗೆ ಕಲಿಸ್ಬೇಕು ಅನ್ನೋ ಚೌಕಟ್ಟು ಕೊಟ್ರಿ. ಅದಕ್ಕೆ ಅಮ್ಮ ಮೂರು ದಿನ ಹೋಗಿ ಕೂತು ಕಲಿತು ಬಂದ್ಲು. ಆ ಮೂರು ದಿನ ಮನೆಗೆ ಬಂದವಳ ಮುಖ ನೋಡ್ಬೇಕಿತ್ತು ನೀವು, ಊಟ ಬಡಿಸ್ತಾ ಬಡಿಸ್ತಾ ಅಜ್ಜಿ ಮುಂದೆ ಮಾಡಿ ತೋರಿಸ್ತಿದ್ಲು, ಚಮಚ ಬಟ್ಟಲಲ್ಲಿ ಬಡಿದು ಶಬ್ದ ಎಲ್ಲಿಂದ ಬಂತು ಅಂತ ಕೇಳೋದು, ಬಟ್ಟೆ ಮುಚ್ಚಿ ಸಾಮಾನು ಹುಡುಕಿಸೋದು. ಅಜ್ಜಿ 'ಇದನ್ನ ನಾವು ನಿಮ್ಗೆಲ್ಲ ಆಡಿಸಿಲ್ವೇನೇ' ಅಂದ್ರು. ಅಮ್ಮ 'ಆಡಿಸಿದ್ರಿ ಅತ್ತೆ, ಯಾಕೆ ಅಂತ ಈಗ ಗೊತ್ತಾಯ್ತು' ಅಂದ್ಲು. ಟ್ರೈನಿಂಗ್ ಅಂದ್ರೆ ಅಷ್ಟೇ ಅಲ್ವಾ, ಮಾಡ್ತಿರೋದನ್ನ ಯಾಕೆ ಮಾಡ್ತಿದೀವಿ ಅಂತ ಗೊತ್ತಾಗೋದು.

2020ರ ರಾಷ್ಟ್ರೀಯ ಶಿಕ್ಷಣ ನೀತೀಲಿ ಒಂದು ಪ್ಯಾರಾ ಇದೆ, ಓದಿದಾಗ ನಂಗೆ ಆಶ್ಚರ್ಯ ಆಯ್ತು, ಏನು ಬೇಕೋ ಅದೆಲ್ಲ ಬರೆದಿಟ್ಟಿದಾರೆ. ಪಿಯುಸಿ ಮತ್ತು ಮೇಲೆ ಓದಿರೋ ಅಂಗನವಾಡಿ ಟೀಚರ್‌ಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು, ಅದಕ್ಕಿಂತ ಕಡಿಮೆ ಓದಿದ್ರೆ ಒಂದು ವರ್ಷದ ಡಿಪ್ಲೊಮಾ, ಡಿಟಿಎಚ್ ಚಾನೆಲ್ ಮತ್ತು ಸ್ಮಾರ್ಟ್‌ಫೋನ್ ಮೂಲಕ, ಈಗಿರೋ ಕೆಲಸಕ್ಕೆ ಆದಷ್ಟು ಕಡಿಮೆ ತೊಂದರೆ ಆಗೋ ಹಾಗೆ, ಮತ್ತೆ ತಿಂಗಳಿಗೆ ಕನಿಷ್ಠ ಒಂದು ಸಲ ಕ್ಲಸ್ಟರ್ ಕೇಂದ್ರದಲ್ಲಿ ಮುಖಾಮುಖಿ ಕ್ಲಾಸು. ಆ ನೀತಿ ಬೇಕಾ ಬೇಡ್ವಾ ಅನ್ನೋ ಜಗಳ ನಮ್ಮ ರಾಜ್ಯದಲ್ಲಿ ಇದೆ, ನಮ್ಮದೇ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಲ್ಲಿ ವರದಿ ಕೊಟ್ಟಿದೆ, ಆ ಜಗಳಕ್ಕೆ ನಾನು ಹೋಗಲ್ಲ. ಯಾವ ನೀತಿ ಉಳಿದ್ರೂ ಈ ಮೂರು ಮಾತು ಉಳಿಸಿ ಅಂತ ಕೈ ಮುಗಿದು ಕೇಳ್ತೀನಿ: ಮೊಬೈಲೂ ಇರಲಿ, ಕೆಲಸಕ್ಕೆ ತೊಂದರೆ ಆಗದಂತೆ ಇರಲಿ, ತಿಂಗಳಿಗೊಂದ್ಸಲ ಮುಖ ನೋಡಿ ಕಲಿಯೋದೂ ಇರಲಿ.

ಮುಖ ನೋಡಿ ಕಲಿಯೋದು ಯಾಕೆ ಅಂದ್ರೆ, ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ಅಂಗನವಾಡೀಲಿ ಒಂದು ಮಗು, ಮೂರು ವರ್ಷ ತುಂಬಿತ್ತಷ್ಟೆ, ಮನೆಯಿಂದ ಜೇಬಲ್ಲಿ ಹುರಿದ ಕಡ್ಲೆಬೀಜ ತಂದಿತ್ತು. ಓಡ್ತಾ ಓಡ್ತಾ ಬಾಯಿಗೆ ಹಾಕ್ಕೊಂಡಿದೆ. ಒಂದೇ ಸಲಕ್ಕೆ ನಿಂತ್ಬಿಡ್ತು, ಅಳುನೂ ಇಲ್ಲ ಕೆಮ್ಮೂ ಇಲ್ಲ, ಬಾಯಿ ತೆರೆದಿದೆ ಶಬ್ದ ಇಲ್ಲ, ತುಟಿ ನೀಲಿ ತಿರುಗ್ತಿದೆ. ಅಮ್ಮ ಮಗುನ ಎತ್ತಿ ತೊಡೆ ಮೇಲೆ ಬೋರಲು ಹಾಕ್ಕೊಂಡು ತಲೆ ಕೆಳಗೆ ಬರೋ ಹಾಗೆ ಮಾಡಿ ಬೆನ್ನಿನ ರೆಕ್ಕೆ ಮೂಳೆಗಳ ಮಧ್ಯ ಅಂಗೈ ಬುಡದಿಂದ ಹೊಡೆದ್ಲು, ಒಂದು, ಎರಡು, ಮೂರು, ನಾಲ್ಕನೇದಕ್ಕೆ ಬೀಜ ಹೊರಗೆ ಬಿತ್ತು. ಮಗು ಕಿರುಚ್ತು. ಆ ಕಿರುಚಾಟ ಕೇಳಿ ಅಮ್ಮ ಅಲ್ಲೇ ಕೂತು ಅತ್ತುಬಿಟ್ಲಂತೆ. ಇದನ್ನ ಎಲ್ಲಿ ಕಲ್ತೆ ಅಂತ ಕೇಳಿದ್ರೆ, ಒಂದು ಸರ್ಕಲ್ ಮೀಟಿಂಗಲ್ಲಿ ಆರೋಗ್ಯ ಇಲಾಖೆ ಸಬ್‌ಸೆಂಟರಿನ ಸಿಸ್ಟರ್ ಬಂದು ಒಂದು ದಿಂಬು ಇಟ್ಕೊಂಡು ಎಲ್ಲರ ಕೈಲೂ ಹೊಡೆಸಿದ್ರಂತೆ, ಅಮ್ಮ ಮೆತ್ತಗೆ ಹೊಡೆದಾಗ ಅವಳ ಕೈ ಹಿಡಿದು 'ಹಿಂಗಲ್ಲ ಕಣಮ್ಮ, ಹಿಂಗೆ' ಅಂತ ಹೊಡೆಸಿದ್ರಂತೆ. ಆ ಕೈ ಹಿಡಿಯೋ ಕೆಲಸ ಮೊಬೈಲ್ ಮಾಡಲ್ಲ.

ನನ್ನ ಚಿಕ್ಕಮ್ಮನ ಮಗಳು ಅಮೆರಿಕದ ಟೆಕ್ಸಾಸಲ್ಲಿ ಒಂದು ಡೇಕೇರಲ್ಲಿ ಕೆಲಸ ಮಾಡ್ತಾಳೆ. ಅಲ್ಲಿ ಮಕ್ಕಳನ್ನ ನೋಡ್ಕೊಳ್ಳೋರಿಗೆ ವರ್ಷಕ್ಕೆ 24 ಗಂಟೆ ಟ್ರೈನಿಂಗ್ ಕಡ್ಡಾಯ. ಹೆಚ್ಚಿನದನ್ನ ಆನ್‌ಲೈನೇ ಮಾಡ್ಕೋತಾಳೆ, ಅಲ್ಲಿನ ಸರ್ಕಾರಿ ಯೂನಿವರ್ಸಿಟಿಯೊಂದರ ವಿಸ್ತರಣಾ ವಿಭಾಗದಲ್ಲಿ ಕೆಲವು ಕೋರ್ಸು ಪುಕ್ಕಟೆ, ಕೆಲವು ಕಡಿಮೆ ದುಡ್ಡಿಗೆ ಸಿಗ್ತಾವಂತೆ. ಆದ್ರೆ ಉಸಿರು ನಿಂತ ಮಗುಗೆ ಮಾಡೋ ಸಿಪಿಆರ್, ಫಸ್ಟ್ ಏಡ್ ಇದನ್ನ ಮಾತ್ರ ಬರೀ ವಿಡಿಯೋ ನೋಡಿ ಮುಗಿಸೋ ಹಾಗಿಲ್ಲ, ಗೊಂಬೆ ಎದೆ ಮೇಲೆ ಕೈಯಿಟ್ಟು ಒತ್ತಿ ತೋರಿಸ್ಲೇಬೇಕು. ಮನೆಮನೆಗೂ ಇಂಟರ್ನೆಟ್ ಇರೋ ಊರೋರೇ ಯಾವುದು ಮೊಬೈಲಿಗೆ ಯಾವುದು ಕೈಗೆ ಅಂತ ಬೇರೆ ಮಾಡಿ ಇಟ್ಟಿದಾರೆ, ನಾವ್ಯಾಕೆ ಎಲ್ಲಾನೂ ಒಂದೇ ಲಿಂಕಿಗೆ ತುಂಬ್ಬೇಕು.

ಈಗ ದುಡ್ಡಿನ ವಿಷಯಕ್ಕೆ ಬರ್ತೀನಿ. ಆನ್‌ಲೈನ್ ಟ್ರೈನಿಂಗ್ ಫ್ರೀ ಅಂತೀರ, ಹೌದು, ಫೀಸ್ ಇಲ್ಲ. ದಿನಕ್ಕೆ ಒಂದೂವರೆ ಜಿಬಿ ಬರೋ ರೀಚಾರ್ಜು ಮುನ್ನೂರು ರೂಪಾಯಿ ಹತ್ರ ಹತ್ರ ಇದೆ, ಅದು ತಿಂಗಳಿಗಲ್ಲ 28 ದಿನಕ್ಕೆ, ಅಂದ್ರೆ ವರ್ಷಕ್ಕೆ ಹನ್ನೆರಡಲ್ಲ ಹದಿಮೂರು ಸಲ, ಲೆಕ್ಕ ಹಾಕಿದ್ರೆ ಮೂರೂಮುಕ್ಕಾಲು ಸಾವಿರ ದಾಟುತ್ತೆ. ಇಲಾಖೆಯಿಂದ ಬರೋ ರೀಚಾರ್ಜ್ ದುಡ್ಡು ಅಮ್ಮನ ಅಕೌಂಟಿಗೆ ಬರೋವಾಗ ಬರುತ್ತೆ, ರೀಚಾರ್ಜ್ ಮಾತ್ರ ಕಾಯಲ್ಲ. ಆ ಒಂದೂವರೆ ಜಿಬಿಯಲ್ಲೇ ಪೋಷಣ್ ಟ್ರ್ಯಾಕರಿಗೆ ಫೋಟೋ ಹೋಗ್ಬೇಕು, ಗ್ರೂಪಿಗೆ ಫೋಟೋ ಹೋಗ್ಬೇಕು, ವಿಡಿಯೋನೂ ಓಡ್ಬೇಕು. ಕೇಂದ್ರದ ಪಾಲಿನ ಗೌರವಧನ 2018ರ ಅಕ್ಟೋಬರಲ್ಲಿ 3,000 ಇದ್ದಿದ್ದು 4,500 ಆಯ್ತು, ಸಹಾಯಕಿಗೆ 1,500 ಇದ್ದಿದ್ದು 2,250. ಮೇಲಿಂದ ರಾಜ್ಯದ್ದು ಸೇರುತ್ತೆ, 2025-26ರ ಬಜೆಟ್ಟಲ್ಲಿ ಟೀಚರಿಗೆ 1,000, ಸಹಾಯಕಿಗೆ 750 ಏರಿಸಿದ್ರಿ, ಅದಕ್ಕೆ ಮನಸಾರೆ ಥ್ಯಾಂಕ್ಸ್. ಆದ್ರೂ ಇಷ್ಟು ಗೌರವಧನದಲ್ಲಿ ಮನೆ ನಡೆಸೋ ಹೆಂಗಸಿಗೆ ಫ್ರೀ ಅಂದ್ರೆ ಪೂರ್ತಿ ಫ್ರೀ ಆಗಿರ್ಬೇಕು. ಫೀಸ್ ಇಲ್ಲ ಅಂತ ಹೇಳಿ ಡೇಟಾ ಅವಳದ್ದು, ರಾತ್ರಿ ಅವಳದ್ದು, ನಿದ್ದೆ ಅವಳದ್ದು ಅಂದ್ರೆ ಇಲಾಖೆ ಖರ್ಚು ಅವಳ ತಲೆ ಮೇಲೆ ಬಂತು ಅಷ್ಟೇ.

ಇದಕ್ಕೆ ದೊಡ್ಡ ಯೋಜನೆ ಏನೂ ಬೇಡ. ದೀಕ್ಷಾ ಆ್ಯಪಲ್ಲಿ ಸ್ಕೂಲ್ ಮೇಷ್ಟ್ರುಗಳು ಪಾಠನ ಡೌನ್‌ಲೋಡ್ ಮಾಡ್ಕೊಂಡು ನೆಟ್ ಇಲ್ದೇನೂ ನೋಡ್ತಾರೆ, ಆ ಸೌಕರ್ಯ ಎಷ್ಟೋ ವರ್ಷದಿಂದ ಇದೆ. ಅಂಗನವಾಡಿ ಪಾಠಗಳನ್ನೂ ಹಾಗೇ ಮಾಡಿ, ಚಿಕ್ಕ ಫೈಲಲ್ಲಿ. ಸರ್ಕಲ್ ಮೀಟಿಂಗಿಗೆ ಬಂದಾಗ ಸೂಪರ್‌ವೈಸರ್ ಮೇಡಂ ಮೊಬೈಲಿಂದ ಮೊಬೈಲಿಗೆ ಹಾಕ್ಕೊಟ್ರೆ ಸಾಕು, ಡೈರಿ ಕಟ್ಟೆ ತಪ್ಪುತ್ತೆ. ಉತ್ತರ ಬರೆದಿದ್ದು ನೆಟ್‌ವರ್ಕ್ ಸಿಕ್ಕಾಗ ತಾನೇ ಹೋಗ್ಲಿ. ಮತ್ತೆ ತಿಂಗಳಲ್ಲಿ ಒಂದು ಮಧ್ಯಾಹ್ನ ಟ್ರೈನಿಂಗಿಗೆ ಅಂತಲೇ ಬರೆದು ಕೊಡಿ, ಡ್ಯೂಟಿ ಅಂತ ಹಾಜರಿ ಹಾಕಿ, ಆವತ್ತು ಬೇರೆ ವರದಿ ಬೇರೆ ಪಟ್ಟಿ ಕೇಳ್ಬೇಡಿ. ಬೆಳಗ್ಗೆ ಒಂಬತ್ತೂವರೆಯಿಂದ ನಾಲ್ಕು ಅಂತ ಅಂಗನವಾಡಿ, ಅದಾದ್ಮೇಲೆ ಮನೆ ಭೇಟಿ, ಕೆಲವು ಸಲ ವೋಟರ್ ಲಿಸ್ಟಿನ ಕೆಲಸ. ಇದೆಲ್ಲ ಆಗಿ ಉಳಿದ ಹೊತ್ತಲ್ಲಿ ಕಲಿ ಅಂದ್ರೆ ಉಳಿಯೋದು ಹೊತ್ತಲ್ಲ, ನಿದ್ದೆಗಣ್ಣು.

ಭಾಷೆ ಬಗ್ಗೆ ಹೇಳ್ಲೇಬೇಕು. ಅಮ್ಮ ಪಿಯುಸಿ ಓದಿದಾಳೆ, ಪೇಪರ್ ದಿನಾ ಓದ್ತಾಳೆ, ಕನ್ನಡ ಚೆನ್ನಾಗೇ ಬರುತ್ತೆ. ಆದ್ರೆ ಆ ಕೋರ್ಸಿನ ಕನ್ನಡ ಅವಳಿಗೆ ಅರ್ಥ ಆಗ್ಲಿಲ್ಲ. 'ಸ್ಪಂದನಾತ್ಮಕ ಪಾಲನೆಯ ಮೂಲಕ ಸಂವೇದನಾ ಉತ್ತೇಜನ' ಅಂತ ಒಂದು ಸ್ಲೈಡು. ಮೂರು ಸಲ ಓದಿ ನನ್ನ ಕೇಳಿದ್ಲು, ನಾನು ಇಂಗ್ಲಿಷಲ್ಲಿ ಯೋಚನೆ ಮಾಡಿ, ಮಗು ಅತ್ರೆ ತಿರುಗಿ ನೋಡೋದು, ನಕ್ಕರೆ ನಗೋದು, ಎಣ್ಣೆ ಹಚ್ಚುವಾಗ ಮಾತಾಡಿಸೋದು ಅಂತ ಇರ್ಬೇಕಮ್ಮ ಅಂದೆ. 'ಅಷ್ಟೇನಾ, ಅದನ್ನ ಹಂಗೇ ಬರೀಬಾರ್ದಾ' ಅಂದ್ಲು. ಊಟದ ಪಾಠದಲ್ಲಿ ದಲಿಯಾ ಖಿಚಡಿ ತೋರಿಸ್ತಾರೆ, ನಮ್ಮ ತಾಯಂದ್ರು ಮಗುಗೆ ಮಾಡೋದು ರಾಗಿ ಸರಿ, ಮೆತ್ತಗೆ ಕಿವುಚಿದ ಅನ್ನ ತೊವ್ವೆ. ಉತ್ತರ ಕರ್ನಾಟಕದಲ್ಲಿ ಇನ್ನೊಂದು, ಕರಾವಳೀಲಿ ಮತ್ತೊಂದು. ಬೇರೆ ಭಾಷೇಲಿ ಮಾಡಿದ್ದನ್ನ ತಂದು ಕನ್ನಡ ಹೊದಿಸೋ ಬದಲು ಇಪ್ಪತ್ತು ವರ್ಷ ಕೆಲಸ ಮಾಡಿರೋ ನಾಲ್ಕು ಟೀಚರ್‌ಗಳನ್ನ ಕೂರಿಸ್ಕೊಂಡು ಅವರ ಬಾಯಲ್ಲೇ ಹೇಳ್ಸಿ ರೆಕಾರ್ಡ್ ಮಾಡಿ. ಅಮ್ಮನಂಥೋರು ಮಾತಾಡಿದ್ರೆ ಅಮ್ಮನಂಥೋರು ಕೇಳ್ತಾರೆ.

ಕ್ವಿಜ್‌ನೂ ಬದಲಾಯಿಸಿ. ಮಗುಗೆ ಮೇಲಾಹಾರ ಯಾವಾಗ ಶುರು ಮಾಡ್ಬೇಕು ಅಂತ ಕೇಳ್ಬೇಡಿ, ಆರು ತಿಂಗಳು ತುಂಬಿದ ಮೇಲೆ ಅಂತ ನಮ್ಮೂರಲ್ಲಿ ಅಮ್ಮನೇ ಎಲ್ಲರಿಗೂ ಹೇಳ್ಕೊಟ್ಟಿದ್ದು. ಅದರ ಬದಲು ಈ ವಾರ ನಿಮ್ಮ ಅಂಗನವಾಡೀಲಿ ಯಾವ ಮಗು ಮಾತು ಕಡಿಮೆ ಆಡ್ತಿದೆ, ಅದಕ್ಕೆ ಏನು ಮಾಡಿದ್ರಿ, ಎರಡು ನಿಮಿಷ ಮಾತಾಡಿ ವಾಯ್ಸ್ ಕಳ್ಸಿ ಅಂತ ಕೇಳಿ. ಅದನ್ನ ನಾನು ಒತ್ತೋಕಾಗಲ್ಲ. ಅದಕ್ಕೆ ಅಮ್ಮನೇ ಬೇಕು.

ಇನ್ನೊಂದು ಮಾತು ನಮ್ಮ ಬೀದಿಯ ಹುಡುಗಿ ಒಬ್ಬಳದ್ದು. 2023ರ ಬಜೆಟ್ಟಲ್ಲಿ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಅನ್ನೋ ಶಿಶುಪಾಲನಾ ಕೇಂದ್ರ ಅಂತ ಹೇಳಿದ್ಮೇಲೆ, ಪಟ್ಟಣಗಳಲ್ಲಿ ಡೇಕೇರ್‌ಗಳೂ ಜಾಸ್ತಿ ಆಗಿರೋದ್ರಿಂದ, ಮಕ್ಕಳನ್ನ ನೋಡ್ಕೊಳ್ಳೋ ಕೆಲಸ ಸಿಗುತ್ತೆ ಅಂತ ಅವಳಿಗೆ ಆಸೆ ಬಂತು. ಮೊಬೈಲಲ್ಲಿ ಜಾಹೀರಾತು ನೋಡಿ ಒಂದು ಪ್ರೈವೇಟ್ ಸಂಸ್ಥೆಗೆ ಹದಿನೈದು ಸಾವಿರ ಕಟ್ಟಿ ಆನ್‌ಲೈನ್ ಸರ್ಟಿಫಿಕೇಟ್ ತಗೊಂಡ್ಲು, ಅವಳಮ್ಮನ ಓಲೆ ಅಡವಿಟ್ಟು. ಕೆಲಸ ಕೇಳೋಕೆ ಹೋದಲ್ಲಿ ಅದಕ್ಕೆ ಬೆಲೆನೇ ಇಲ್ಲ ಅಂದ್ರು. ಇಗ್ನೋ ಅನ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ಮನೇಲೇ ಕೂತು ಓದಬಹುದು, ಸ್ವಯಂ ಅನ್ನೋ ಸರ್ಕಾರಿ ಜಾಲದಲ್ಲಿ ಪಾಠ ಕೇಳೋದು ಫ್ರೀ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಫೀಸು. ಇದನ್ನ ಅವಳಿಗೆ ಯಾರೂ ಹೇಳಿರ್ಲಿಲ್ಲ, ನಾನೂ ತಡವಾಗಿ ಹೇಳಿದೆ. ಯಾವ ಕೋರ್ಸು ನಡೆಯುತ್ತೆ ಯಾವುದು ನಡೆಯಲ್ಲ ಅಂತ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿ ಪ್ರತಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿದ್ರೆ ಎಷ್ಟು ಮನೆ ಓಲೆ ಉಳಿಯುತ್ತೆ.

ಕೊನೇದಾಗಿ ಸಹಾಯಕಿ ಅಕ್ಕನ ವಿಷಯ, ಇದನ್ನ ಹೇಳ್ದೆ ಮುಗಿಸಿದ್ರೆ ಅಮ್ಮ ನನ್ನ ಸುಮ್ನೆ ಬಿಡಲ್ಲ. ಅಮ್ಮ ಮೀಟಿಂಗಿಗೆ, ಮನೆ ಭೇಟಿಗೆ, ಟ್ರೈನಿಂಗಿಗೆ ಹೋದಾಗ ಮಕ್ಕಳ ಜೊತೆ ಇರೋದು ಯಾರು? ಅಕ್ಕ. ಉಣಿಸೋದು, ಕೈ ತೊಳೆಸೋದು, ಬಟ್ಟೆ ಒದ್ದೆ ಮಾಡ್ಕೊಂಡ್ರೆ ಬದಲಾಯಿಸೋದು, ಮಲಗಿಸೋದು ಎಲ್ಲ ಅವರೇ. ಕಡ್ಲೆಬೀಜ ಸಿಕ್ಕಿಕೊಂಡ ದಿನ ಅಮ್ಮ ಇರ್ಲಿಲ್ಲ ಅಂದಿದ್ರೆ ಇರ್ತಿದ್ದೋರು ಅವರೇ. ಅವರ ಹತ್ರ ಇರೋದು ಬಟನ್ ಫೋನು. ಆ ಲಿಂಕ್ ಅವರಿಗೆ ಬಂದಿಲ್ಲ, ಬಂದ್ರೂ ತೆರೆಯಲ್ಲ. ಆ ಘಟನೆ ಆದ್ಮೇಲೆ ಒಂದು ಶನಿವಾರ ಮಕ್ಕಳೆಲ್ಲ ಹೋದ್ಮೇಲೆ ಅಮ್ಮ ಒಂದು ದಿಂಬು ತೊಡೆ ಮೇಲೆ ಬೋರಲು ಹಾಕಿ ಅಕ್ಕನ ಕೈ ಹಿಡಿದು ಹೊಡೆಸಿದ್ಲು. ಅಕ್ಕ ಮೊದಲು ನಕ್ಕರು, ಆಮೇಲೆ ಸೀರಿಯಸ್ಸಾಗಿ ಐದಾರು ಸಲ ಹೊಡೆದ್ರು, ಸರಿಯಾಗಿ ಬರೋವರೆಗೂ. ಆ ತರಬೇತಿ ಯಾವ ಲೆಕ್ಕದಲ್ಲೂ ಇಲ್ಲ, ಅದಕ್ಕೆ ಸರ್ಟಿಫಿಕೇಟೂ ಇಲ್ಲ. ಮುಂದಿನ ಸಲ ಪಟ್ಟಿ ಮಾಡುವಾಗ ಅವರ ಹೆಸರನ್ನೂ ಸೇರಿಸಿ.

ಹೊಸ ಕೋರ್ಸಿನ ಲಿಂಕ್ ಮೊನ್ನೆ ಬಂದಿದೆ, ಹದಿನೈದು ದಿನ ಟೈಮ್ ಇದೆ. ಈ ಸಲ ಕ್ವಿಜ್ ನಾನು ಮಾಡಲ್ಲ ಅಂತ ಅಮ್ಮನಿಗೆ ಹೇಳಿದೀನಿ. ಡೈರಿ ಕಟ್ಟೆಗೆ ಜೊತೆಗೆ ಬರ್ತೀನಿ, ಟಾರ್ಚ್ ಹಿಡೀತೀನಿ, ಅರ್ಥ ಆಗದೇ ಇರೋದು ಹೇಳ್ಕೊಡ್ತೀನಿ, ಒತ್ತೋದು ಅವಳೇ. ಅವಳ ಹೆಸರು ಕೆಂಪಲ್ಲೇ ಉಳಿದ್ರೆ ದಯವಿಟ್ಟು ನೋಟಿಸ್ ಕಳಿಸೋ ಮೊದಲು ಒಂದು ಫೋನ್ ಮಾಡಿ, ಏನಮ್ಮಾ ಏನು ತೊಂದರೆ ಆಯ್ತು ಅಂತ ಕೇಳಿ. ಅಂಗನವಾಡೀಲಿ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಹಾಡು ಕಥೆ ನಡೀತಿರುತ್ತೆ, ಆಗ ಮಾತ್ರ ಬೇಡ, ಮಿಕ್ಕ ಹೊತ್ತಲ್ಲಿ ಎತ್ತುತ್ತಾಳೆ.

ಇಂತಿ,
ಒಬ್ಬ ಅಂಗನವಾಡಿ ಟೀಚರ್ ಮಗಳು